ಹಿಂದಿರುಗುವ ಹೊತ್ತು

ಒಂದು ದಿನದ ಮಟ್ಟಿಗೆ ಗುಡ್ಡ ಹತ್ತಿ ಇಳಿದು ಬರುವುದಕ್ಕೂ ಪೂರ್ವಸಿದ್ಧತೆ ಬೇಕೆ ಎಂದು ನಮ್ಮ ಸೀಮೆಯ ಹಿರಿಯರು ನಗುತ್ತಿದ್ದರು. ಅವರು ನಗುವುದಕ್ಕೆ ಕಾರಣವಿತ್ತು. ಗುಡ್ಡದ ಮುಳಿಹುಲ್ಲು ಕೊಯ್ಯಲು, ಸೊಪ್ಪು ತರಲು, ನೆಂಟರ ಮನೆಯ ಮದುವೆಗೆ ಹೋಗಲು ಅವರು ದಿನವೂ ಏರಿಳಿಯುತ್ತಿದ್ದರು. 1837ರಲ್ಲಿ ಅಮರ ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ಸಾಗಿದ್ದೂ ಇದೇ ನೆಲದಿಂದ. ಕಾಲು ಅವರಿಗೆ ವಾಹನವಾಗಿತ್ತು. ನಮಗೆ ಅದು ಕುರ್ಚಿಯ ಕೆಳಗೆ ಇಳಿಬಿಡುವ ಅವಯವವಾಗಿದೆ. ಆದುದರಿಂದ ಅವರಿಗೆ ತಾನಾಗಿ ತಿಳಿದಿದ್ದುದನ್ನು ನಾವು ಕುಳಿತು ಲೆಕ್ಕಹಾಕಿ ತಿಳಿಯಬೇಕಾಗಿದೆ.

ಜಾಲ್ಸೂರು ಒಂದು ಕವಲುದಾರಿಯ ಊರು. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಿಂದ ಇಲ್ಲಿ ಒಂದು ರಸ್ತೆ ಕವಲೊಡೆದು ಆದೂರು, ಮುಳ್ಳೇರಿಯಾಗಳ ಮೇಲಾಗಿ ಕಾಸರಗೋಡಿನತ್ತ ಇಳಿಯುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯವನ್ನು ಹಾದು ಅದೇ ದಿಕ್ಕಿನಲ್ಲಿ ಕಡಲಿಗೆ ಹರಿಯುತ್ತದೆ. ಇಲ್ಲಿ ನಿಂತರೆ ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕರಾವಳಿ. ನಡೆಯುವ ಚಪಲವುಳ್ಳವರು ಮೊದಲು ಹೆಸರಿಸುವುದು ಸುಬ್ರಹ್ಮಣ್ಯದ ಕುಮಾರಪರ್ವತವನ್ನು. ಅದರ ನೆತ್ತಿ 1,712 ಮೀಟರ್ ಎತ್ತರದಲ್ಲಿದೆ. ಘಟ್ಟದ ಬುಡದಿಂದಲೇ ಏರಬೇಕಾದ ಆ ದಾರಿ ಹೊಸಬರ ಒಂದು ದಿನದ ಮಾತಲ್ಲ. ಅದನ್ನು ಗಟ್ಟಿ ಕಾಲಿನವರಿಗೆ ಬಿಟ್ಟು, ನಾನು ಹೇಳಹೊರಟಿರುವುದು ನಮ್ಮ ಗಡಿಯಾಚೆಯ ರಾಣಿಪುರಂ ಬೆಟ್ಟದ ವಿಷಯ. ಸುಳ್ಯದಿಂದ ಆಲೆಟ್ಟಿ, ಕಲ್ಲಪಳ್ಳಿ, ಪಾಣತ್ತೂರುಗಳ ಮೂಲಕ ಅಲ್ಲಿಗೆ ದಾರಿಯಿದೆ. ಅದರ ಹಳೆಯ ಹೆಸರು ಮಾಡತ್ತುಮಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಆ ತಾಣದಿಂದ ಹೊರಟ ಕಾಲುದಾರಿ ಮೊದಲು ನಿತ್ಯಹಸುರಿನ ಕಾಡನ್ನು ಹೊಕ್ಕು, ಆಮೇಲೆ ಹುಲ್ಲಿನ ಬೋಳುಗುಡ್ಡಗಳ ಮೇಲೆ ಸಾಗಿ ನೆತ್ತಿಯನ್ನು ಮುಟ್ಟುತ್ತದೆ. ಒಂದು ಬದಿಗೆ ಸುಮಾರು ಎರಡೂವರೆ ಕಿಲೋಮೀಟರ್, ಅಷ್ಟೆ. ಅದರಾಚೆ ತಲಕಾವೇರಿ ವನ್ಯಧಾಮದ ಕಾಡು.

ಎರಡೂವರೆ ಕಿಲೋಮೀಟರ್ ಎಂಬ ಈ ಸಣ್ಣ ಅಂಕಿಯೇ ನಮ್ಮನ್ನು ಒಮ್ಮೆ ಮೋಸಗೊಳಿಸಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ನಾನು, ನನ್ನ ಭಾವ, ಭಾವನ ಗೆಳೆಯರೊಬ್ಬರು, ಮೂವರು ಹೊರಟಿದ್ದೆವು. ಬೆಳಗ್ಗೆ ಆರಕ್ಕೆ ಹೊರಡಬೇಕೆಂದಿದ್ದವರು ತಿಂಡಿ, ಕಾಫಿ, ಪತ್ರಿಕೆ ಎಂದು ಒಂಬತ್ತೂವರೆ ಮಾಡಿದೆವು. ಬೆಟ್ಟದ ಬುಡ ಸೇರಿದಾಗ ಹನ್ನೆರಡು ಕಳೆದಿತ್ತು. ಆದರೂ ಆತುರವೇನೂ ಕಾಣಲಿಲ್ಲ. ಕಾಡು ತಂಪಾಗಿತ್ತು, ಭಾವ ಹರಟೆಯಲ್ಲಿ ನಿಸ್ಸೀಮರು. ಹುಲ್ಲುಗಾವಲಿಗೆ ಬಂದಾಗ ಕಣ್ಣಿಗೆ ಹಬ್ಬವಾಯಿತು. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಇದೊಂದು ದಿಬ್ಬ, ಇನ್ನೊಂದು ದಿಬ್ಬ ಎನ್ನುತ್ತ ನಾಲ್ಕು ಗಂಟೆಯವರೆಗೆ ಅಲೆದೆವು. ಆಗ ಕಣಿವೆಯಿಂದ ಮಂಜು ಎದ್ದಿತು. ಹತ್ತು ನಿಮಿಷದಲ್ಲಿ ಮುಂದಿದ್ದ ಭಾವನ ಬೆನ್ನು ಬಿಟ್ಟರೆ ಬೇರೇನೂ ಕಾಣದಾಯಿತು.

ಕಾಡಿನಲ್ಲಿ ದಾರಿ ತಪ್ಪುತ್ತದೆಂದು ಎಲ್ಲರೂ ಹೆದರುತ್ತಾರೆ. ನಿಜವಾಗಿ ದಾರಿ ತಪ್ಪಿಸುವುದು ಹುಲ್ಲುಗಾವಲು. ಕಾಡಿನೊಳಗೆ ಮನುಷ್ಯರು ತುಳಿದ ದಾರಿ ಒಂದೇ ಇರುತ್ತದೆ, ಎರಡೂ ಕಡೆ ಗಿಡಗಂಟಿಗಳು ಅದನ್ನು ಕಾಯುತ್ತವೆ. ಬಯಲಲ್ಲಿ ಕಾಟಿಗಳು ಮೇಯುತ್ತ ಹೋದ ಜಾಡು, ನೀರು ಹರಿದ ಜಾಡು, ಜನ ನಡೆದ ಜಾಡು ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಅದಕ್ಕಿಂತ ಮಿಗಿಲಾದ ತೊಡಕು ಇನ್ನೊಂದಿದೆ. ಕಾಡಿನಿಂದ ಹೊರಬರುವಾಗ ನಮ್ಮ ಮುಖ ಬೆಳಕಿನ ಕಡೆಗಿರುತ್ತದೆ. ಯಾವ ಸಂದಿನಿಂದ ಹೊರಬಂದೆವೆಂಬುದನ್ನು ನಾವು ನೋಡಿಯೇ ಇರುವುದಿಲ್ಲ. ಮೇಲಿನಿಂದ ಇಳಿದು ಬಂದವನಿಗೆ ಕಾಡಿನ ಅಂಚು ಎಲ್ಲಿಯೂ ಬಾಗಿಲಿಲ್ಲದ ಹಸುರು ಗೋಡೆ. ಅಂದು ನಾವು ಆ ಗೋಡೆಯುದ್ದಕ್ಕೂ ಮುಕ್ಕಾಲು ಗಂಟೆ ತಡಕಾಡಿದೆವು. ದಾರಿಯ ಬಾಯಿ ಸಿಕ್ಕಿದಾಗ ಕಾಡಿನೊಳಗೆ ಆಗಲೇ ಕತ್ತಲೆ. ಟಾರ್ಚು ಒಂದೇ. ಅರ್ಧ ದಾರಿಯಲ್ಲಿ ಆನೆಯ ಲದ್ದಿ. ಮುಟ್ಟಿ ನೋಡಿದ ಭಾವ ಮಾತು ನಿಲ್ಲಿಸಿದರು. ಅವರು ಅಷ್ಟು ಹೊತ್ತು ಮೌನವಾಗಿದ್ದುದನ್ನು ನಾನು ಆಮೇಲೆಂದೂ ಕಂಡಿಲ್ಲ. ಇನ್ನೂ ಸ್ವಲ್ಪ ಕೆಳಗೆ ಅವರ ಗೆಳೆಯರ ಕಾಲು ಬೇರಿಗೆ ಸಿಕ್ಕಿ ಉಳುಕಿತು. ಎಂಟು ಗಂಟೆಯ ಹೊತ್ತಿಗೆ ದೀಪವಿದ್ದ ಮೊದಲ ಮನೆಯ ಜಗಲಿಯಲ್ಲಿ ಕುಸಿದು ಕೂತೆವು. ಆ ಮನೆಯ ಅಜ್ಜಿ ಬೆಲ್ಲ, ನೀರು ಕೊಟ್ಟರು. ಎಲ್ಲಿಗೆ ಹೋಗಿದ್ದಿರಿ, ಏನು ಕಂಡಿರಿ ಎಂದೊಂದೂ ಕೇಳಲಿಲ್ಲ. "ಎಷ್ಟು ಹೊತ್ತಿಗೆ ಹೊರಟದ್ದು ನೀವು?" ಎಂದು ಮಾತ್ರ ಕೇಳಿದರು.

ಕಾರಂತರ 'ಬೆಟ್ಟದ ಜೀವ' 1943ರಲ್ಲಿ ಪ್ರಕಟವಾದ ಕಾದಂಬರಿ. ನಮ್ಮದೇ ಸೀಮೆಯ ಕಥೆ. ಅದರ ನಿರೂಪಕನೂ ಸಂಜೆಯಾಗುವಾಗ ಕಾಡಿನಲ್ಲಿ ದಾರಿ ತಪ್ಪಿಯೇ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕಾದಂಬರಿಗೆ ಅದು ಒಳ್ಳೆಯ ಆರಂಭ. ನಮಗೆ ಪ್ರತಿಸಲವೂ ಒಬ್ಬ ಗೋಪಾಲಯ್ಯ ಸಿಕ್ಕುವರೆಂದು ನಂಬಿ ಹೊರಡಲಾಗದು.

ಅಂದಿನಿಂದ ನಾನು ದಿನವನ್ನು ಸಂಜೆಯ ಕಡೆಯಿಂದ ಕಟ್ಟುತ್ತ ಬಂದಿದ್ದೇನೆ. ಡಿಸೆಂಬರ್ ನಡುವಿನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ. ದಟ್ಟ ಮರಗಳ ಕೆಳಗೆ ಅರ್ಧ ಗಂಟೆ ಮೊದಲೇ ಕಣ್ಣು ಮಸುಕಾಗುತ್ತದೆ. ಆಲೆಟ್ಟಿ, ಮಂಡೆಕೋಲು ಕಡೆಯ ಕೃಷಿಕರನ್ನು ಕೇಳಿದರೆ ಆನೆಗಳು ತೋಟಕ್ಕಿಳಿಯುವ ಹೊತ್ತು ಯಾವುದೆಂದು ಹೇಳುತ್ತಾರೆ. ಆ ಹೊತ್ತಿಗೆ ನಮ್ಮ ವಾಹನವೂ ಕಾಡಿನ ರಸ್ತೆಯನ್ನು ದಾಟಿರಬೇಕು. ಆದಕಾರಣ ನಾಲ್ಕು ಗಂಟೆಗೆ ಬೆಟ್ಟದ ಬುಡವನ್ನು ಬಿಡುವುದೆಂದು ಗೆರೆ ಹಾಕಿಕೊಳ್ಳೋಣ. ಇಳಿಯಲು ಒಂದೂವರೆ ಗಂಟೆ. ಉಳುಕಿದ ಕಾಲಿಗೆ, ಮಂಜಿಗೆ ಒಂದು ಗಂಟೆ ಮೀಸಲು. ಅಲ್ಲಿಗೆ ಎರಡೂವರೆ ಗಂಟೆಯಾಯಿತು. ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದರೂ ಹಿಂದಿರುಗಬೇಕು. ನೆತ್ತಿ ಇನ್ನು ನೂರು ಗಜ ದೂರದಲ್ಲಿದ್ದರೂ ಸರಿಯೆ. ಈ ಗಂಟೆಯನ್ನು ಮನೆಯಲ್ಲಿಯೇ ತೀರ್ಮಾನಿಸಬೇಕು. ಬೆಟ್ಟದ ಮೇಲೆ ಕೂತು ತೀರ್ಮಾನಿಸಹೊರಟರೆ ಬೆಟ್ಟವೇ ಗೆಲ್ಲುತ್ತದೆ.

ಏರುವುದಕ್ಕೆ ಎಷ್ಟು ಹೊತ್ತು? ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ರಾಣಿಪುರಂ ಒಂದು ಗಂಟೆಯ ಆಸುಪಾಸಿನ ಕೆಲಸ. ಆದರೆ ಆತ ನಡೆದದ್ದು ಚಳಿಯ ನಾಡಿನಲ್ಲಿ. ನಮ್ಮ ಬೆವರಿಗೆ, ಮಕ್ಕಳ ಪ್ರಶ್ನೆಗಳಿಗೆ, ಮಂಡಿನೋವಿನ ಹಿರಿಯರಿಗೆ ಅದನ್ನು ಇಮ್ಮಡಿ ಮಾಡಿದರೆ ಸರಿಹೋಗುತ್ತದೆ. ಗುಂಪಿನ ವೇಗವೆಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ಒಂಬತ್ತಕ್ಕೆ ಏರತೊಡಗಿದರೆ ಹನ್ನೊಂದಕ್ಕೆ ಮೇಲೆ. ಅಲ್ಲಿ ಕೂರಲು, ಉಣ್ಣಲು, ಸುಮ್ಮನೆ ನೋಡಲು ಎರಡೂವರೆ ಗಂಟೆ. ಅದೇನು ಕಡಿಮೆಯೇ? ಆದರೆ ಜಾಲ್ಸೂರನ್ನು ಬೆಳಗ್ಗೆ ಆರೂವರೆಗೆಲ್ಲ ಬಿಟ್ಟಿರಬೇಕು. ಗಡಿಯ ದಾರಿ ಅಂಕುಡೊಂಕು; ನಾವು ಎರಡು ಗಂಟೆ ಎಂದೇ ಹಿಡಿಯುತ್ತೇವೆ.

ಹುಲ್ಲಿನ ಗುಡ್ಡವನ್ನು ಕಂಡು, ಮರ ಕಡಿದು ಬೋಳಾಗಿಸಿದ ನೆಲವೆಂದು ಮರುಗುವವರುಂಟು. ಎಲ್ಲೆಡೆ ಹಾಗಲ್ಲ. ಘಟ್ಟದ ಎತ್ತರದಲ್ಲಿ ಕಾಡು ಮಣ್ಣು ಆಳವಾಗಿ ತೇವ ನಿಲ್ಲುವ ಮಡಿಕೆಗಳಲ್ಲಿ ನೆಲೆಸುತ್ತದೆ; ಗಾಳಿ ಬಡಿಯುವ ತೆಳುಮಣ್ಣಿನ ಏಣುಗಳನ್ನು ಹುಲ್ಲು ಹಿಡಿಯುತ್ತದೆ. ನೀಲಗಿರಿಯ ಜೌಗುನೆಲದ ಮಣ್ಣನ್ನು 1990ರ ದಶಕದಲ್ಲಿ ಪರೀಕ್ಷಿಸಿದವರು ಅಲ್ಲಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ ಹುಲ್ಲಿತ್ತೆಂದು ಕಂಡುಕೊಂಡರು. ನಡೆಯುವವನಿಗೆ ಈ ತಿಳಿವಿನಿಂದ ಲಾಭವೂ ಇದೆ: ಏಣಿನ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ತಲೆಗೆ ಎರಡು ಲೀಟರ್ ನೀರನ್ನು ಕೆಳಗಿನಿಂದಲೇ ಹೊರಬೇಕು. ಬುತ್ತಿಗೆ ನಾನು ಪುಂಡಿಯನ್ನು ಶಿಫಾರಸು ಮಾಡುವೆ. ಬಾಳೆಯೆಲೆಯಲ್ಲಿ ಸುತ್ತಿದರೆ ಮಧ್ಯಾಹ್ನದವರೆಗೆ ಹಾಳಾಗದು, ಪ್ಲಾಸ್ಟಿಕ್ಕಿನ ಕಸವೂ ಉಳಿಯದು.

ಋತುವನ್ನು ಕುರಿತು ಎರಡು ಮಾತು. ಮಳೆಗಾಲದಲ್ಲಿ ಕಾಡು ಉಂಬಳಗಳ ರಾಜ್ಯ, ಕಲ್ಲೆಲ್ಲ ಪಾಚಿ. ಹಳಬರು ಹೊಗೆಸೊಪ್ಪು, ಸುಣ್ಣ ಬೆರೆಸಿ ಕಾಲಿಗೆ ಸವರಿಕೊಳ್ಳುತ್ತಿದ್ದರು. ಉಪ್ಪು ಕಟ್ಟಿದ ಬಟ್ಟೆಯೂ ಆದೀತು. ಅಕ್ಟೋಬರಿನಲ್ಲಿ, ಮತ್ತೆ ಏಪ್ರಿಲ್–ಮೇಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು. ಬೋಳುಗುಡ್ಡದಲ್ಲಿ ಎಲ್ಲಕ್ಕಿಂತ ಎತ್ತರವಾಗಿರುವುದು ನಮ್ಮ ತಲೆಯೇ. ಫೆಬ್ರವರಿಯಿಂದ ಹುಲ್ಲು ಒಣಗಿ ಕಿಡಿಗಾಗಿ ಕಾಯುತ್ತಿರುತ್ತದೆ, ಬೀಡಿ ಸೇದುವವರನ್ನು ಕರೆದೊಯ್ಯಬೇಡಿ. ಒಣ ತಿಂಗಳುಗಳಲ್ಲಿ ಉಣ್ಣೆಗಳೂ ಹೆಚ್ಚು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನಕಾಯಿಲೆ ಹರಡುವುದು ಅವುಗಳಿಂದ. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯದವರಿಗೆ ತಿಳಿಸುವುದು. ನವೆಂಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಮೇಲು. ಕಾಡಿಗೆ ಪ್ರವೇಶವಿದೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಆನೆ ಸಮೀಪದಲ್ಲಿದ್ದ ದಿನ ಅರಣ್ಯ ಇಲಾಖೆಯವರು ಬಿಡದಿದ್ದರೆ ಅವರೊಡನೆ ವಾದ ಬೇಡ.

ಕೊನೆಯದಾಗಿ, ಕಾಡಿನ ಬಾಯಿಯ ವಿಚಾರ. ಹುಲ್ಲಿಗೆ ಕಾಲಿಟ್ಟ ಕೂಡಲೇ ನಾನು ಎಲ್ಲರನ್ನೂ ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತೇನೆ. ಯಾವ ಮರ ಬಾಗಿದೆ, ಯಾವ ಬಂಡೆ ಎಡಕ್ಕಿದೆ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಮಕ್ಕಳಿಗೆ ಇದು ಆಟ. ಭಾವನಿಗೆ ಈಗಲೂ ಇದು ಆಟವಲ್ಲ.

ಈ ಡಿಸೆಂಬರಿನಲ್ಲಿ ಮತ್ತೆ ಹೊರಡುವವರಿದ್ದೇವೆ. ಗಡಿಯ ಗುಡ್ಡಗಳಲ್ಲಿ ಮೊಬೈಲನ್ನು ನಂಬಿ ಕೂರುವಂತಿಲ್ಲವಾದ್ದರಿಂದ, ಒಂದು ಚೀಟಿಯಲ್ಲಿ ಹೋಗುವ ದಾರಿಯನ್ನೂ ಹಿಂದಿರುಗುವ ಹೊತ್ತನ್ನೂ ಬರೆದು ಅತ್ತಿಗೆಯ ಕೈಯಲ್ಲಿ ಕೊಟ್ಟು ಹೋಗುವುದು ನಮ್ಮ ಪದ್ಧತಿ. ಅವರು ಅದನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿಡುತ್ತಾರೆ. ಏಳು ಗಂಟೆಯೊಳಗೆ ನಮ್ಮ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದೂ ಅದರಲ್ಲಿರುತ್ತದೆ.