ಹ್ಯಾರಿಸ್ ನೆಕ್‌ನ ಐದು ಸಾಲಿನ ಹಾಡು

ಅಮೆರಿಕದ ಕಪ್ಪು ಜನ ತಮ್ಮ ವಂಶದ ಬೇರು ಹುಡುಕುತ್ತ ಹಿಂದೆ ಹಿಂದೆ ಹೋದರೆ ಬಹುಪಾಲು 1870ಕ್ಕೆ ಬಂದು ನಿಲ್ಲುತ್ತಾರೆ. ಬಿಡುಗಡೆಯಾದ ಗುಲಾಮರೆಲ್ಲರ ಹೆಸರು ಜನಗಣತಿಯಲ್ಲಿ ಸೇರಿದ್ದು ಆ ವರ್ಷವೇ ಮೊದಲು. 1850 ಮತ್ತು 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ, ಕೊಟ್ಟಿಗೆಯ ದನಗಳ ಲೆಕ್ಕದಂತೆ, ಗುಲಾಮರ ವಯಸ್ಸು, ಲಿಂಗ, ಬಣ್ಣ ಅಷ್ಟೆ. ಈಗಿನ ಡಿಎನ್ಎ ಪರೀಕ್ಷೆಯೂ ಹೆಚ್ಚೆಂದರೆ ಒಂದು ಸೀಮೆಯನ್ನು ತೋರಿಸೀತು, ಊರನ್ನಲ್ಲ.

ಒಂದು ಕುಟುಂಬಕ್ಕೆ ಊರು ತೋರಿಸಿದ್ದು ಒಂದು ಹಾಡು. ಕ್ಯಾರೊಲಿನಾ, ಜಾರ್ಜಿಯಾ ಕರಾವಳಿಯ ಗುಲಾಮರ ವಂಶಸ್ಥರಾದ ಗಲ್ಲಾ ಜನರ ಮಾತಿನಲ್ಲಿ ಆಫ್ರಿಕದ ಕುರುಹು ಹುಡುಕುತ್ತಿದ್ದ ಭಾಷಾವಿಜ್ಞಾನಿ ಲೊರೆಂಜೊ ಡೌ ಟರ್ನರ್, 1930ರ ದಶಕದ ಆರಂಭದಲ್ಲಿ ಜಾರ್ಜಿಯಾ ಕರಾವಳಿಯ ಹ್ಯಾರಿಸ್ ನೆಕ್‌ನಲ್ಲಿ ಅಮೇಲಿಯಾ ಡಾಲಿ ಎಂಬ ಹೆಂಗಸು ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡರು. ಐದೇ ಸಾಲು. ಮನೆಯ ಹಿರಿಯರಿಂದ ಕಲಿತದ್ದು. ಅರ್ಥ ಆಕೆಗೆ ತಿಳಿಯದು. ಅದು ಮೆಂಡೆ ಭಾಷೆಯೆಂದು ಗುರುತಿಸಿದವನು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ. ಅಲ್ಲಿನ ಹಾಡು ಜಾರ್ಜಿಯಾದಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕ್ಯಾರೊಲಿನಾ, ಜಾರ್ಜಿಯಾಗಳ ಗದ್ದೆಗಳ ಒಡೆಯರಿಗೆ ಭತ್ತದ ಬೇಸಾಯ ಬಲ್ಲವರು ಬೇಕಿದ್ದರು. ಅಂಥವರನ್ನು ಸಿಯೆರಾ ಲಿಯೋನ್ ನದಿಯ ಬನ್ಸ್ ದ್ವೀಪದ ಕೋಟೆಯಿಂದ ಹಡಗಿಗೆ ತುಂಬುತ್ತಿದ್ದರು.

1990ರ ಸುಮಾರಿಗೆ ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲಾ, ಸಂಗೀತ ಸಂಶೋಧಕಿ ಸಿಂಥಿಯಾ ಶ್ಮಿಟ್, ಭಾಷಾವಿಜ್ಞಾನಿ ತಾಝೀಫ್ ಕೊರೊಮಾ ಆ ಧ್ವನಿಯ ಬೆನ್ನು ಹತ್ತಿದರು. ಇದು ಸಿಯೆರಾ ಲಿಯೋನ್‌ನ ದಕ್ಷಿಣ ಸೀಮೆಯ ಮೆಂಡೆಯ ಒಳನುಡಿ ಎಂದರು ಕೊರೊಮಾ. ಶ್ಮಿಟ್ ಆ ಕಡೆಯ ಹಳ್ಳಿಗಳಲ್ಲಿ ಟೇಪ್ ಕೇಳಿಸುತ್ತ ಹೋದರು. ಸೆನೆಹುನ್ ಎನ್ಗೋಲಾ ಎಂಬಲ್ಲಿ ಬೈಂಡು ಜಬಾಟಿ ಅದನ್ನು ಕೇಳಿ ತಾವೂ ಅಂಥದೇ ಹಾಡು ಹೇಳಿದರು. ಅಜ್ಜಿ ಕಲಿಸಿದ್ದು. ಆದರೆ ಹ್ಯಾರಿಸ್ ನೆಕ್‌ನಲ್ಲಿ ಮಕ್ಕಳ ಆಟದ ಹಾಡಾಗಿದ್ದದ್ದು ಇಲ್ಲಿ ಸತ್ತವರನ್ನು ಕಳಿಸಿಕೊಡುವ ಹಾಡು. ಮೆಂಡೆಯವರಲ್ಲಿ ಹುಟ್ಟು ಸಾವುಗಳ ಸಂಸ್ಕಾರ ಹೆಂಗಸರದು.

ಗೋರಿಯ ಬಳಿಯ ಹಾಡು ಆಟಕ್ಕೆ ಇಳಿಯಿತಲ್ಲ ಎಂದು ಮರುಗುವವರಿದ್ದಾರೆ. ಹಾಗೆ ಇಳಿದದ್ದರಿಂದಲೇ ಅದು ಬದುಕಿತು ಎಂದು ನನ್ನ ಎಣಿಕೆ. ಸಂಸ್ಕಾರಕ್ಕೆ ಊರು, ಮಸಣ, ನೆಂಟರಿಷ್ಟರು ಎಲ್ಲ ಬೇಕು. ಮಗುವನ್ನು ಆಡಿಸಲು ಒಬ್ಬ ಅಜ್ಜಿ ಸಾಕು. (ಆಫ್ರಿಕ ಮೂಲದವರಾದ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಪೂರ್ವಜರ ಭಾಷೆ ಹೋಯಿತು, ಡಮಾಮಿ ಕುಣಿತ ಉಳಿಯಿತು. ಏನು ಉಳಿಯಬೇಕೆಂದು ಯಾರೂ ಮೊದಲೇ ಗೊತ್ತುಮಾಡಲಾರರು.)

ಅಷ್ಟರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಮೇಲಿಯಾರ ಮಗಳು ಮೇರಿ ಮೊರನ್ ಕುಟುಂಬ ಸಮೇತ ಆ ಹಳ್ಳಿಗೆ ಹೋಗಲಾದದ್ದು 1997ರಲ್ಲಿ. ಮೇರಿ ತಾಯಿಯ ಹಾಡನ್ನು ಮರೆತಿರಲಿಲ್ಲ.

ಹ್ಯಾರಿಸ್ ನೆಕ್ ಮಾತ್ರ ಅವರ ಕೈಯಲ್ಲಿ ಉಳಿದಿರಲಿಲ್ಲ. 1942ರಲ್ಲಿ ಸೇನೆಯ ವಿಮಾನ ನೆಲೆಗೆಂದು ಸರ್ಕಾರ ಅಲ್ಲಿನ ಕಪ್ಪು ಕುಟುಂಬಗಳನ್ನು ಒಕ್ಕಲೆಬ್ಬಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೂ ನೆಲ ಅವರಿಗೆ ಮರಳಲಿಲ್ಲ. 1962ರಿಂದ ಅದು ವನ್ಯಜೀವಿ ಧಾಮ.