ಜಮಖಂಡಿ-ಮುಧೋಳ ಭಾಗದಲ್ಲಿ ಮತದಾನ ಮತ್ತು ನಾಗರಿಕರ ಸಹಭಾಗಿತ್ವ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ಆಸುಪಾಸಿನಲ್ಲಿರುವ ಕಬ್ಬು ಬೆಳೆಯುವ ಮತ್ತು ನೇಕಾರಿಕೆಯ ಪ್ರದೇಶಗಳು. ವಿಧಾನಸಭೆಯಲ್ಲಿ ಇವುಗಳನ್ನು ಜಮಖಂಡಿ, ಬೀಳಗಿ, ತೇರದಾಳ ಹಾಗೂ ಪರಿಶಿಷ್ಟ ಜಾತಿಗೆ ಮೀಸಲಾದ ಮುಧೋಳ ಕ್ಷೇತ್ರಗಳು ಪ್ರತಿನಿಧಿಸುತ್ತವೆ. ರಬಕವಿ-ಬನಹಟ್ಟಿ ಪಟ್ಟಣವು ತೇರದಾಳ ಕ್ಷೇತ್ರದಲ್ಲಿದೆ. ಕ್ಷೇತ್ರಗಳ ಪುನರ್ವಿಂಗಡಣೆಯ ಬಳಿಕ 2008ರಲ್ಲಿ ಈ ಕ್ಷೇತ್ರ ಮೊದಲ ಚುನಾವಣೆ ಕಂಡಿತು. ನಾಲ್ಕೂ ಕ್ಷೇತ್ರಗಳು ಬಾಗಲಕೋಟೆ ಲೋಕಸಭಾ ಕ್ಷೇತ್ರದ ಭಾಗಗಳಾಗಿವೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಈ ಭಾಗದ ಜನರೆಲ್ಲರೂ ಒಂದೇ ಆಡಳಿತದ ಪ್ರಜೆಗಳಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆ ಮನೆತನದವರು ಆಳುತ್ತಿದ್ದರು. ತೇರದಾಳ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ನೇರವಾಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಸಾವಳಗಿಯ ಬಿ. ಡಿ. ಜತ್ತಿಯವರು ಜಮಖಂಡಿ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನಕ್ಕೆ ಬಂದು, ಸಂಸ್ಥಾನದ ಸಚಿವರಾಗಿ, 1948ರಲ್ಲಿ ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ದುಡಿದರು. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯೂ (1958-62) ದೇಶದ ಉಪರಾಷ್ಟ್ರಪತಿಯೂ ಆದರು. ವಯಸ್ಕ ಮತದಾನದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಅಂದರೆ 1951-52ರಲ್ಲಿ, ಇಲ್ಲಿನವರು ಮತ ಹಾಕಿದ್ದು ಮುಂಬಯಿ ವಿಧಾನಸಭೆಗೆ. ಮೈಸೂರು ರಾಜ್ಯಕ್ಕೆ ಇವರು ಸೇರಿದ್ದು 1956ರ ನವೆಂಬರ್ 1ರಂದು.

ಬ್ಯಾರೇಜಿನಿಂದ ಮತಪೆಟ್ಟಿಗೆಗೆ

ಸಹಭಾಗಿತ್ವವೆಂದರೆ ಮತದಾನವಷ್ಟೇ ಅಲ್ಲವೆಂಬುದಕ್ಕೆ ಈ ಭಾಗದಲ್ಲಿ ಸಿಗುವ ನಿದರ್ಶನ ಚಿಕ್ಕಪಡಸಲಗಿ ಬ್ಯಾರೇಜು. ನೀರಾವರಿಗಾಗಿ ಸರ್ಕಾರದ ದಾರಿ ಕಾದು ಬೇಸತ್ತ ನದಿತೀರದ ರೈತರು ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಅದನ್ನು ಕಟ್ಟಿ ಮುಗಿಸಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರು ಬಂದಿತು. ಇದರ ಮುಂದಾಳು ಸಿದ್ದು ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಎಂದೇ ಪರಿಚಿತರಾದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಬಾಗಲಕೋಟೆಯಲ್ಲಿ ಸೋಲಿಸಿದರು. ಆ ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಬ್ಯಾರೇಜನ್ನು ಬಿಟ್ಟು ಅದನ್ನು ವಿವರಿಸುವುದು ಕಷ್ಟ.

2018ರ ಉಪಚುನಾವಣೆ

2018ರ ಮೇ ತಿಂಗಳಲ್ಲಿ ಜಮಖಂಡಿಯಿಂದ ಮೂರು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದಿದ್ದ ನ್ಯಾಮಗೌಡರು ಅದೇ ತಿಂಗಳು ರಸ್ತೆ ಅಪಘಾತದಲ್ಲಿ ನಿಧನರಾದರು. ನವೆಂಬರ್ 3ರ ಉಪಚುನಾವಣೆಯಲ್ಲಿ ಜಮಖಂಡಿಯ ಶೇ. 81ಕ್ಕೂ ಹೆಚ್ಚು ಮತದಾರರು ಮತ ಚಲಾಯಿಸಿದರು. ಅದೇ ದಿನ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಮತದಾನವಾದದ್ದು ಸುಮಾರು ಶೇ. 54. ಅಲ್ಲಿ ಆಯ್ಕೆಯಾಗುವವರಿಗೆ ಕೆಲವೇ ತಿಂಗಳ ಅವಧಿ ಉಳಿದಿತ್ತು. ಜಮಖಂಡಿಯಲ್ಲಿ ಹೆಚ್ಚುಕಡಿಮೆ ಇಡೀ ಅವಧಿಯೇ ಮುಂದಿತ್ತು. ಹಿಂದಿನ ಬಾರಿಯ ಕಡಿಮೆ ಅಂತರವೂ ಪ್ರತಿ ಮತದ ಬೆಲೆಯನ್ನು ಹೆಚ್ಚಿಸಿತ್ತು. ಮೃತರ ಪುತ್ರ ಆನಂದ ನ್ಯಾಮಗೌಡರು ಮೂವತ್ತೊಂಬತ್ತು ಸಾವಿರಕ್ಕೂ ಹೆಚ್ಚಿನ ಮತಗಳ ಅಂತರದಿಂದ ಗೆದ್ದರು.

ಶೇಕಡಾವಾರು ಅಂಕಿಯ ಮಿತಿ

ಮತದಾನದ ಪ್ರಮಾಣವನ್ನು ವಯಸ್ಕರ ಒಟ್ಟು ಸಂಖ್ಯೆಯಿಂದಲ್ಲ, ಮತದಾರರ ಪಟ್ಟಿಯಲ್ಲಿರುವ ಹೆಸರುಗಳಿಂದ ಲೆಕ್ಕ ಹಾಕಲಾಗುತ್ತದೆ. ಮೃತರ ಹಾಗೂ ಊರು ಬಿಟ್ಟವರ ಹೆಸರುಗಳು ಪಟ್ಟಿಯಲ್ಲಿ ಉಳಿದರೆ ಪ್ರಮಾಣ ಇಳಿದಂತೆ ಕಾಣುತ್ತದೆ. ಅರ್ಹರ ಹೆಸರೇ ಸೇರದಿದ್ದರೆ ಅವರು ಮತ ಹಾಕದಿರುವುದು ಲೆಕ್ಕಕ್ಕೇ ಬರುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳ್ಳಿಗಳು ಮುಳುಗಿ ಜನರು ಪುನರ್ವಸತಿ ಕೇಂದ್ರಗಳಿಗೆ ತೆರಳಿದ ಬೀಳಗಿಯಂಥ ಕಡೆ ಇದು ಸಣ್ಣ ವಿಷಯವಲ್ಲ. ವಾಸಸ್ಥಳ ಬದಲಾದಾಗ ಮತದಾರರ ಪಟ್ಟಿಯಲ್ಲಿನ ವಿಳಾಸವೂ ಬದಲಾಗಬೇಕು.

ಬಾಗಲಕೋಟೆ ಲೋಕಸಭಾ ಕ್ಷೇತ್ರದ ಮತದಾನ 2019 ಮತ್ತು 2024ರಲ್ಲಿ ಶೇ. 70ನ್ನು ಮೀರಿತು. ಬೆಂಗಳೂರು ದಕ್ಷಿಣದಲ್ಲಿ ಅದು ಎರಡೂ ಬಾರಿ ಶೇ. 53ರ ಆಸುಪಾಸಿನಲ್ಲಿತ್ತು.

ಸ್ಥಳೀಯ ಸಂಸ್ಥೆಗಳು

1993ರ ಪಂಚಾಯತ್ ರಾಜ್ ಕಾಯ್ದೆಯು ಗ್ರಾಮಸಭೆಗೆ ಫಲಾನುಭವಿಗಳ ಆಯ್ಕೆಯಲ್ಲಿ ಪಾತ್ರ ನೀಡಿದೆ. ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೆ 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ರಾಜ್ಯದ ಇತರೆಡೆಗಳಂತೆ ಇಲ್ಲಿಯೂ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಹೋಯಿತು. ಆ ವರ್ಷಗಳ ಮತದಾನ ಪ್ರಮಾಣ ಯಾವ ಕೋಷ್ಟಕದಲ್ಲಿಯೂ ಇಲ್ಲ.