ಉಸಿರಿನ ನಳಿಗೆಯೂ ಕಂಠದ ಗಾಯವೂ

ಘೋಷ, ಅಘೋಷ ಎಂಬ ವರ್ಣಭೇದವನ್ನು ನಮ್ಮ ಪ್ರಾಚೀನ ವೈಯಾಕರಣರು ಸೂಕ್ಷ್ಮವಾಗಿ ಗುರುತಿಸಿದ್ದರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಭೇದಕ್ಕೆ ಆಧಾರವಾದ ಧ್ವನಿತಂತುಗಳು ಶ್ವಾಸನಾಳದ ದ್ವಾರದಲ್ಲಿಯೇ ಇರುವುವು. ಆದುದರಿಂದ ಉಸಿರಿನ ದಾರಿಗೆ ಉಂಟಾದ ಗಾಯವು ಅನೇಕವೇಳೆ ನುಡಿಗೂ ತಗಲುವುದು. ಪ್ರಾಣಾಪಾಯದಲ್ಲಿರುವ ರೋಗಿಗೆ ಯಂತ್ರದ ಮೂಲಕ ಉಸಿರನ್ನು ಕೊಡಲು ಇಳಿಸುವ ನಳಿಗೆಯು ಬಹುದಿನ ಉಳಿದಲ್ಲಿ ಇಂತಹ ಗಾಯವಾಗುವುದುಂಟು. ಅದರ ಕಾರಣವನ್ನೂ ಅದು ತಡವಾಗಿ ತೋರುವ ಬಗೆಯನ್ನೂ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ನಳಿಗೆಯ ಉಪಯೋಗವು ಹೊಸದಲ್ಲ. 1880ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯರಾದ ವಿಲಿಯಂ ಮೆಕ್ಯೂಯೆನ್ ಎಂಬವರು ಕತ್ತನ್ನು ಕೊಯ್ಯದೆ ಬಾಯಿಯಿಂದಲೇ ಶ್ವಾಸನಾಳಕ್ಕೆ ನಳಿಗೆಯನ್ನು ಇಳಿಸಿದ ವಿವರವನ್ನು ಪ್ರಕಟಿಸಿದರು. 1885ರ ಸುಮಾರಿಗೆ ನ್ಯೂಯಾರ್ಕಿನ ಜೋಸೆಫ್ ಓಡ್ವೈಯರ್ ಎಂಬವರು ಗಂಟಲಮಾರಿಯಿಂದ ಉಸಿರುಕಟ್ಟುತ್ತಿದ್ದ ಮಕ್ಕಳಿಗಾಗಿ ಗಿಡ್ಡ ನಳಿಗೆಗಳನ್ನು ರಚಿಸಿ, ಅವುಗಳ ಆಕಾರವನ್ನು ಮತ್ತೆ ಮತ್ತೆ ತಿದ್ದಿದರು. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿದಾಗ, ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ರೋಗಿಗಳ ಕತ್ತಿನಲ್ಲಿ ರಂಧ್ರಮಾಡಿ ನಳಿಗೆಯನ್ನಿಟ್ಟು, ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಕೈಯಿಂದ ಚೀಲವನ್ನೊತ್ತಿ ಉಸಿರನ್ನು ಊದಿದರು. ಅನಂತರ ದಿನಗಟ್ಟಲೆ, ವಾರಗಟ್ಟಲೆ ಯಂತ್ರದಿಂದ ಉಸಿರಾಡಿಸುವ ಪದ್ಧತಿಯು ಬೆಳೆಯಿತು. ಹಿಂದೆ ಸಾಯುತ್ತಿದ್ದವರು ಬದುಕಿದರು. ಅವರಲ್ಲಿ ಕೆಲವರ ಶ್ವಾಸನಾಳವು ಕಿರಿದಾಗಿರುವುದೂ ಕಂಡುಬಂದಿತು.

ನಳಿಗೆಯ ಕೆಳತುದಿಯ ಬಳಿ ಒಂದು ಪುಟ್ಟ ಬಲೂನು ಇರುವುದು. ಊದಿದ ಗಾಳಿಯು ಪಕ್ಕದಿಂದ ಸೋರದಂತೆಯೂ ಬಾಯಿಯ ರಸವು ಆದಷ್ಟು ಕೆಳಗಿಳಿಯದಂತೆಯೂ ತಡೆಯುವುದು ಅದರ ಕಾರ್ಯ. ಆದರೆ ಬಲೂನು ಬಿಗಿಯಾಗಿ ಒತ್ತಿದಲ್ಲಿ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗುವುವು. ರಕ್ತವಿಲ್ಲದ ಪೊರೆಯು ಹುಣ್ಣಾಗುವುದು. ಹುಣ್ಣು ಆಳವಾದರೆ ಕೆಳಗಿನ ಮೃದ್ವಸ್ಥಿಯು ಬಯಲಾಗಿ ನಶಿಸುವುದು. ಬಾಸ್ಟನ್ನಿನ ಕೂಪರ್ ಮತ್ತು ಗ್ರಿಲ್ಲೊ ಎಂಬ ಶಸ್ತ್ರವೈದ್ಯರು ಮೃತರ ಶ್ವಾಸನಾಳಗಳನ್ನು ಪರೀಕ್ಷಿಸಿ, ಈ ಕ್ರಮವನ್ನು 1969ರಲ್ಲಿ ತೋರಿಸಿಕೊಟ್ಟರು. ಬಿಗಿಯಾದ ಹಳೆಯ ಬಲೂನುಗಳಿಗೆ ಬದಲಾಗಿ ಅಗಲವೂ ಮೃದುವೂ ಆದವು ಬಳಕೆಗೆ ಬಂದುದು ಇಂತಹ ಶೋಧನೆಗಳ ಫಲವಾಗಿಯೇ. 1984ರಲ್ಲಿ ಸೀಗೋಬಿನ್ ಮತ್ತು ವಾನ್ ಹ್ಯಾಸೆಲ್ಟ್ ಎಂಬವರು ಜೀವಂತ ರೋಗಿಗಳ ಒಳಪೊರೆಯನ್ನು ದರ್ಶಕದಿಂದ ನೋಡಿ, ಬಲೂನಿನ ಒತ್ತಡವು 30 ಸೆಂಟಿಮೀಟರು ನೀರಿನ ಒತ್ತಡವನ್ನು ಮೀರಬಾರದೆಂದು ವಿಧಿಸಿದರು.

ಬಲೂನಿಗಿಂತ ಮೇಲಕ್ಕೂ ಅಪಾಯವುಂಟು. ಬಾಯಿಯಿಂದ ಇಳಿದ ನಳಿಗೆಯು ಧ್ವನಿಪೆಟ್ಟಿಗೆಯ ಹಿಂಬದಿಗೆ ಒರಗಿರುವುದರಿಂದ ಧ್ವನಿತಂತುಗಳನ್ನು ಚಲಿಸುವ ಪುಟ್ಟ ಮೃದ್ವಸ್ಥಿಗಳು ಒತ್ತಡಕ್ಕೆ ಸಿಕ್ಕುವುವು. ಅಲ್ಲಿ ಕಲೆಗಟ್ಟಿದರೆ ತಂತುಗಳು ಸರಿಯಾಗಿ ಕೂಡಲಾರವು, ಇಲ್ಲವೆ ಬೇರ್ಪಡಲಾರವು. ಕೂಡದಿದ್ದರೆ ನಾದವು ಕ್ಷೀಣಿಸಿ ಘೋಷವರ್ಣಗಳು ಪಿಸುಮಾತಿಗೆ ಇಳಿಯುವುವು; ಬೇರ್ಪಡದಿದ್ದರೆ ಉಸಿರೇ ಕಷ್ಟವಾಗುವುದು.

ಈ ವ್ಯಾಧಿಯ ಕಪಟವೆಂದರೆ ಅದರ ವಿಳಂಬ. ನಳಿಗೆಯನ್ನು ತೆಗೆದಾಗ ರೋಗಿಯು ಚೆನ್ನಾಗಿಯೇ ಇರಬಹುದು. ಆದರೆ ಹುಣ್ಣು ಮಾಯುವಾಗ ಹುಟ್ಟುವ ನಾರುಗಟ್ಟಿದ ಕಲೆಯು ಕ್ರಮೇಣ ಕುಗ್ಗಿ, ವಾರಗಳ ಅಥವಾ ತಿಂಗಳುಗಳ ಮೇಲೆ ದಾರಿಯನ್ನು ಕಿರಿದುಮಾಡುವುದು. ನಯವಾಗಿ ಹರಿಯುವ ಗಾಳಿಗೆ ಕೊಳವೆಯ ವ್ಯಾಸವು ಅರ್ಧವಾದರೆ ತಡೆಯು 16 ಪಾಲಾಗುವುದೆಂಬುದು ಭೌತಶಾಸ್ತ್ರದ ನಿಯಮ. ಅಲ್ಪ ಸಂಕೋಚವು ಗಮನಕ್ಕೆ ಬಾರದೆ, ಮುಂದೆ ಒಮ್ಮೆಗೇ ಬಾಧಿಸುವುದು ಇದರಿಂದಲೇ. ಆಗ ಉಂಟಾಗುವ ಏದುಸಿರನ್ನು ಅಸ್ತಮವೆಂದು ಭಾವಿಸಿ ಔಷಧ ಕೊಡುವುದುಂಟು, ಗುಣ ಕಾಣದು. ಅಸ್ತಮದ ಸದ್ದು ಪ್ರಾಯಶಃ ಉಸಿರು ಬಿಡುವಾಗ ಹೆಚ್ಚು. ಧ್ವನಿಪೆಟ್ಟಿಗೆಯ ಸಮೀಪದ ಸಂಕೋಚದಲ್ಲಿ ಕರ್ಕಶಧ್ವನಿಯು ಉಸಿರೆಳೆಯುವಾಗ ಎದ್ದು ಕೇಳುವುದು.

ಕಿರಿದಾದ ದಾರಿಯನ್ನು ದರ್ಶಕದ ಮೂಲಕ ಹಿಗ್ಗಿಸಬಹುದು. ಸಾಲದಿದ್ದರೆ, ತಕ್ಕ ರೋಗಿಗಳಲ್ಲಿ, ಕಲೆಗಟ್ಟಿದ ಭಾಗವನ್ನೇ ಕತ್ತರಿಸಿ ತುದಿಗಳನ್ನು ಜೋಡಿಸಬಹುದು. ಇವೆಲ್ಲಕ್ಕಿಂತ ಮುಂಜಾಗ್ರತೆಯೇ ಲೇಸು: ತಕ್ಕ ಗಾತ್ರದ ನಳಿಗೆಯನ್ನು ಆರಿಸುವುದು, ಬಲೂನಿನ ಒತ್ತಡವನ್ನು ಬೆರಳಿನ ಅಂದಾಜಿಗೆ ಬಿಡದೆ ಮಾಪಕದಿಂದ ಅಳೆದು 20ರಿಂದ 30ರೊಳಗೆ ಇರಿಸುವುದು, ಅವಶ್ಯಕತೆ ತೀರಿದೊಡನೆ ನಳಿಗೆಯನ್ನು ತೆಗೆಯುವುದು. ಕತ್ತಿನ ರಂಧ್ರದ ನಳಿಗೆಯು ಧ್ವನಿಪೆಟ್ಟಿಗೆಯ ಭಾರವನ್ನು ಇಳಿಸುವುದಾದರೂ ಶ್ವಾಸನಾಳದ ಅಪಾಯವನ್ನು ಪೂರ್ತಿಯಾಗಿ ಕಳೆಯದು.

2020ರಿಂದ ಈಚೆಗೆ ಕೋವಿಡ್ ವ್ಯಾಧಿಯಲ್ಲಿ ಅನೇಕರಿಗೆ ವಾರಗಟ್ಟಲೆ ನಳಿಗೆಯನ್ನಿಡಬೇಕಾದುದರಿಂದ ಈ ವಿಷಯವು ವೈದ್ಯರ ವಿಶೇಷ ಗಮನಕ್ಕೆ ಬಂದಿತು. ಪಾಠಪ್ರವಚನಗಳಿಂದ ಜೀವಿಸುವವರಿಗೆ ಕಂಠವೇ ಬಂಡವಾಳ. ಅಂತಹ ಕಾಯಿಲೆಯಿಂದ ಎದ್ದುಬಂದವರ ದನಿಯು ಒಡೆದಿದ್ದರೆ, ಅಥವಾ ಮೆಟ್ಟಿಲೇರುವಾಗ ಉಸಿರು ಸದ್ದು ಮಾಡಿದರೆ, ಹಿಂದೆ ನಳಿಗೆಯಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕುದು. ಈ ಒಂದು ಮಾತಿನಿಂದ ರೋಗನಿರ್ಣಯದ ದಾರಿ ಎಷ್ಟೋ ಸುಲಭವಾಗುವುದು.